ಶ್ವಾಸಕೋಶದ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಉಸಿರಾಟದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ನಮ್ಮ ಮುತ್ತಾತನಿಗೆ ವೆಲ್ಲೂರಿನಲ್ಲಿ ಒಂದು ಕಡೆಯ ಶ್ವಾಸಕೋಶವನ್ನೇ ತೆಗೆದುಬಿಟ್ಟಿದ್ದರಂತೆ. ಆಮೇಲೂ ಎಷ್ಟೋ ವರ್ಷ ಹೊಲದ ಕೆಲಸ ಮಾಡಿದರಂತೆ. ಒಂದೇ ಶ್ವಾಸಕೋಶದಲ್ಲಿ ಮನುಷ್ಯ ಬದುಕಬಹುದಾ? ಬದುಕುತ್ತಾನೆ ಅಂತ ಮೊದಲು ತೆಗೆದವರಿಗೆ ಹೇಗೆ ಗೊತ್ತಾಯಿತು?” ಮೊದಲ ಪ್ರಶ್ನೆಗೆ ವಿಜ್ಞಾನ ಬೋಧಿಸುವ ನಮ್ಮ ಸಹೋದ್ಯೋಗಿ ಅಲ್ಲಿಯೇ ಉತ್ತರ ಕೊಟ್ಟರು. ಎರಡನೆಯದು ಇತಿಹಾಸದ ಪ್ರಶ್ನೆಯೆಂದು ಹೇಳಿ ಅದನ್ನು ನಮ್ಮ ಪಾಲಿಗೆ ಬಿಟ್ಟರು.

ಉತ್ತರವನ್ನು ಹುಡುಕುತ್ತ ಹೋದಂತೆ ಒಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ಇತಿಹಾಸಕ್ಕೂ ನಮ್ಮ ಶಾಲೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಈ ಶಾಲೆಯ ಮೊದಲ ಗಂಟೆ ಬಾರಿಸಿದಾಗ ರಾಯದುರ್ಗ ಸೀಮೆಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಡೀ ಶ್ವಾಸಕೋಶವೊಂದನ್ನು ತೆಗೆದು ರೋಗಿಯನ್ನು ಉಳಿಸಿಕೊಳ್ಳುವ ಭರವಸೆಯ ಮಾರ್ಗವು ಅಂದು ಜಗತ್ತಿನ ಯಾವ ಆಸ್ಪತ್ರೆಗೂ ತಿಳಿದಿರಲಿಲ್ಲ. ಇಲ್ಲಿ ಕಲಿತ ಮೊದಲ ತಲೆಮಾರಿನ ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಆ ಮಾರ್ಗ ತೆರೆದಿತ್ತು. ಅದು ಹೇಗೆ ತೆರೆಯಿತೆಂಬುದನ್ನು ಶತಮಾನೋತ್ಸವದ ಈ ಸಂಚಿಕೆಯಲ್ಲಿ ಪೋಷಕರೊಡನೆ, ಹಳೆಯ ವಿದ್ಯಾರ್ಥಿಗಳೊಡನೆ ಮತ್ತು ಶಿಕ್ಷಕ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ಮುಚ್ಚಿದ ಬಾಗಿಲು

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಶಸ್ತ್ರವೈದ್ಯರಿಗೆ ಎರಡು ವರಗಳು ದೊರೆತವು. 1846ರಲ್ಲಿ ಈಥರ್ ಎಂಬ ಅರಿವಳಿಕೆ ಬಂದು ನೋವನ್ನು ಗೆದ್ದಿತು. 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯಗಳಲ್ಲಿ ನಂಜನ್ನು ತಡೆಯುವ ಕ್ರಮವನ್ನು ಪ್ರಕಟಿಸಿದರು. ಇವೆರಡರ ಬಲದಿಂದ ವೈದ್ಯರು ಹೊಟ್ಟೆಯನ್ನು ತೆರೆಯಲು ಧೈರ್ಯಮಾಡಿದರು. 1881ರಲ್ಲಿ ವಿಯೆನ್ನಾದ ಥಿಯೋಡರ್ ಬಿಲ್ರೋಟ್ ಜಠರದ ಕ್ಯಾನ್ಸರ್ ಪೀಡಿತ ಭಾಗವನ್ನೇ ಕತ್ತರಿಸಿ ತೆಗೆದರು. ಅದೇ ವರ್ಷ ಜರ್ಮನಿಯ ಥೆಮಿಸ್ಟೋಕ್ಲಿಸ್ ಗ್ಲುಕ್ ಪ್ರಾಣಿಗಳಲ್ಲಿ ಒಂದು ಶ್ವಾಸಕೋಶವನ್ನು ತೆಗೆಯುವ ಪ್ರಯೋಗಗಳನ್ನು ನಡೆಸಿದರು. ಆದರೆ ಮನುಷ್ಯನ ಎದೆಗೂಡಿನ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಅದಕ್ಕೆ ಕಾರಣ ಉಸಿರಾಟದ ಕ್ರಮದಲ್ಲಿಯೇ ಇದೆ. ಶ್ವಾಸಕೋಶಕ್ಕೆ ತನ್ನದೇ ಆದ ಸ್ನಾಯುಬಲವಿಲ್ಲ. ಅದು ಹಿಗ್ಗಿಸಿಟ್ಟ ರಬ್ಬರಿನಂತೆ ಸದಾ ಕುಗ್ಗಲು ಹವಣಿಸುತ್ತಿರುತ್ತದೆ. ಅದನ್ನು ಹೊದ್ದಿರುವ ಪೊರೆಗೂ ಎದೆಗೂಡಿನ ಒಳಪೊರೆಗೂ ನಡುವೆ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುವುದರಿಂದಲೇ ಶ್ವಾಸಕೋಶವು ಅರಳಿ ನಿಂತಿರುತ್ತದೆ. ಪಕ್ಕೆಲುಬುಗಳ ನಡುವೆ ಕತ್ತಿ ತೂರಿದ ಕೂಡಲೆ ಹೊರಗಿನ ಗಾಳಿ ಒಳನುಗ್ಗುತ್ತದೆ, ಶ್ವಾಸಕೋಶ ಕುಸಿಯುತ್ತದೆ. ಹೃದಯವೂ ದೊಡ್ಡ ರಕ್ತನಾಳಗಳೂ ಪ್ರತಿ ಉಸಿರಿಗೆ ಅತ್ತಿತ್ತ ಓಲಾಡತೊಡಗಿ, ಇನ್ನೊಂದು ಬದಿಯ ಉಸಿರಾಟವೂ ಕೆಡುತ್ತದೆ. ರೋಗವನ್ನು ತೆಗೆಯುವ ಮೊದಲೇ ರೋಗಿ ಮೇಜಿನ ಮೇಲೆಯೇ ಸಾಯುವ ಭಯವಿತ್ತು.

ಈ ಮೊದಲ ತೊಡಕನ್ನು ಬಿಡಿಸಲು 1904ರಲ್ಲಿ ಬ್ರೆಸ್ಲೌ ನಗರದ ತರುಣ ವೈದ್ಯ ಫರ್ಡಿನಾಂಡ್ ಸೌರ್‌ಬ್ರುಖ್ ಒಂದು ವಿಚಿತ್ರ ಕೋಣೆಯನ್ನು ಕಟ್ಟಿದರು. ಅದರೊಳಗಿನ ಗಾಳಿಯ ಒತ್ತಡವನ್ನು ತುಸು ಇಳಿಸಲಾಗುತ್ತಿತ್ತು. ರೋಗಿಯ ದೇಹ ಮತ್ತು ಶಸ್ತ್ರವೈದ್ಯರು ಕೋಣೆಯ ಒಳಗೆ, ರೋಗಿಯ ತಲೆ ಮಾತ್ರ ಕುತ್ತಿಗೆಯ ಸುತ್ತ ಬಿಗಿದ ರಬ್ಬರ್ ಪಟ್ಟಿಯ ಆಚೆ, ಹೊರಗೆ! ಎದೆ ತೆರೆದರೂ ಹೊರಗಿನ ಗಾಳಿ ಬಾಯಿಯ ಮೂಲಕ ಶ್ವಾಸಕೋಶವನ್ನು ಅರಳಿಸಿಯೇ ಇಡುತ್ತಿತ್ತು. ಈ ಏರ್ಪಾಡು ತತ್ತ್ವದಲ್ಲಿ ಸರಿಯಾಗಿತ್ತು, ಬಳಕೆಯಲ್ಲಿ ದುಸ್ತರವಾಗಿತ್ತು.

ಐದು ವರ್ಷಗಳ ತರುವಾಯ, 1909ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಸ್ಯಾಮ್ಯುಯೆಲ್ ಮೆಲ್ಟ್ಸರ್ ಮತ್ತು ಜಾನ್ ಆಯರ್ ಇದೇ ಸಮಸ್ಯೆಯನ್ನು ತಿರುಗುಮುರುಗಾಗಿ ನೋಡಿದರು. ಸುತ್ತಲಿನ ಒತ್ತಡವನ್ನು ಇಳಿಸುವ ಬದಲು ಶ್ವಾಸನಾಳದೊಳಗೆ ಒಂದು ಕೊಳವೆಯನ್ನಿಳಿಸಿ ಗಾಳಿಯನ್ನು ಊದಿದರೆ ಸಾಕಲ್ಲವೇ? ನಾಯಿಗಳ ಮೇಲಿನ ಪ್ರಯೋಗದಲ್ಲಿ ಅದು ಸಾಧ್ಯವೆಂದು ಸಿದ್ಧವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಮುಖಕ್ಕೆ ಅರಿವಳಿಕೆಯ ಮುಸುಕು ಹಾಕುವಂತಿರಲಿಲ್ಲ. ಆಗ ಇಂಗ್ಲೆಂಡಿನ ಐವಾನ್ ಮೆಗಿಲ್ ಮತ್ತು ಸ್ಟ್ಯಾನ್ಲಿ ರೌಬಾಥಮ್ ಶ್ವಾಸನಾಳಕ್ಕೆ ಕೊಳವೆಯಿಳಿಸುವ ವಿದ್ಯೆಯನ್ನು ನಿತ್ಯದ ಬಳಕೆಗೆ ತಂದರು. ಮುಖವನ್ನು ಸರಿಪಡಿಸಲೆಂದು ಹುಟ್ಟಿದ ಉಪಾಯವು ಮುಂದೆ ಎದೆಯ ಬಾಗಿಲನ್ನು ತೆರೆಯಿತು.

ಸೋಲು ಕಲಿಸಿದ ಪಾಠ

ಎರಡನೆಯ ತೊಡಕು ಶ್ವಾಸಕೋಶದ ಬುಡದಲ್ಲಿತ್ತು. ಹೃದಯದಿಂದ ಬರುವ ದೊಡ್ಡ ರಕ್ತನಾಳಗಳೂ ಶ್ವಾಸನಾಳದ ಕವಲೂ ಅಲ್ಲಿ ಒಂದೇ ಕಟ್ಟಿನಂತೆ ಸೇರುತ್ತವೆ. ಗಂಟು ಸಡಿಲಿದರೆ ಕ್ಷಣಾರ್ಧದಲ್ಲಿ ರಕ್ತ ಸುರಿದು ಸಾವು. ಕತ್ತರಿಸಿದ ಶ್ವಾಸನಾಳದ ತುದಿ ಕೂಡದೆ ಬಿಚ್ಚಿಕೊಂಡರೆ ಗಾಳಿಯೂ ನಂಜೂ ಎದೆಗೆ ಸೋರಿ, ನಿಧಾನವಾಗಿ ಸಾವು. ಮೂರನೆಯ ತೊಡಕು, ಶ್ವಾಸಕೋಶವನ್ನು ತೆಗೆದ ಬಳಿಕ ಉಳಿಯುವ ಬರಿದಾದ ಜಾಗ. ಅಲ್ಲಿ ದ್ರವ ಸೇರಿ ಕೀವಾಗುತ್ತಿತ್ತು.

1912ರಲ್ಲಿ ಲಂಡನ್ನಿನ ಹ್ಯೂ ಮಾರಿಸ್ಟನ್ ಡೇವಿಸ್ ಎಕ್ಸ್‌-ರೇ ಚಿತ್ರದ ನೆರವಿನಿಂದ ರೋಗಿಯೊಬ್ಬನ ಶ್ವಾಸಕೋಶದ ಗಡ್ಡೆಯನ್ನು ಗುರುತಿಸಿದರು. ಬುಡದ ರಕ್ತನಾಳಗಳನ್ನೂ ಶ್ವಾಸನಾಳವನ್ನೂ ಒಂದೊಂದಾಗಿ ಬಿಡಿಸಿ, ಬೇರೆ ಬೇರೆಯಾಗಿ ಕಟ್ಟಿ, ರೋಗಗ್ರಸ್ತ ಹಾಲೆಯನ್ನು ತೆಗೆದರು. (ನಮ್ಮ ಬಲ ಶ್ವಾಸಕೋಶದಲ್ಲಿ ಇಂಥ ಮೂರು ಹಾಲೆಗಳೂ ಎಡದರಲ್ಲಿ ಎರಡೂ ಇವೆ.) ಇಂದಿನ ವೈದ್ಯರು ಮಾಡುವುದು ಬಹುಮಟ್ಟಿಗೆ ಇದನ್ನೇ. ಆದರೂ ರೋಗಿ ಎಂಟನೆಯ ದಿನ ತೀರಿಕೊಂಡ. ಡೇವಿಸರ ಕೈಚಳಕದಲ್ಲಿ ಕೊರತೆಯಿರಲಿಲ್ಲ. ಎದೆಯೊಳಗೆ ಸೇರಿದ ದ್ರವವನ್ನು ಹೊರಹರಿಸುವ ದಾರಿಯನ್ನು ಬಿಡದಿದ್ದುದರಿಂದ ಅಲ್ಲಿ ಕೀವಾಯಿತು. ಅಂದಿಗೆ ಆ ದಾರಿ ಬೇಕೆಂಬ ತಿಳಿವೇ ಇರಲಿಲ್ಲ.

ಆ ತಿಳಿವು ಬಂದುದು ಸೈನಿಕರ ಬಿಡಾರಗಳಿಂದ. 1918ರಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ದಡಾರ ಮತ್ತು ಫ್ಲೂ ಜ್ವರಗಳ ಬೆನ್ನಿಗೆ ನ್ಯುಮೋನಿಯಾ ಬಂದು, ತರುಣರ ಎದೆಯಲ್ಲಿ ಕೀವು ತುಂಬುತ್ತಿತ್ತು. ವೈದ್ಯರು ರೂಢಿಯಂತೆ ಕೂಡಲೆ ಎದೆ ತೆರೆದು ಕೀವು ತೆಗೆಯುತ್ತಿದ್ದರು, ಸೈನಿಕರು ಸಾಯುತ್ತಿದ್ದರು. ಇದರ ಪರಿಶೀಲನೆಗೆ ನೇಮಕವಾದ ಆಯೋಗದಲ್ಲಿದ್ದ ಇವಾರ್ಟ್ಸ್ ಗ್ರಹಾಂ ಎಂಬ ವೈದ್ಯರು ರೋಗವಲ್ಲದೆ ಚಿಕಿತ್ಸೆಯೂ ಕೊಲ್ಲುತ್ತಿದೆಯೆಂದು ತೋರಿಸಿಕೊಟ್ಟರು. ಆರಂಭದಲ್ಲಿ ಎದೆಯನ್ನು ತೆರೆಯದೆ, ಹೊರಗಾಳಿ ಒಳಗೆ ಬಾರದಂತೆ ಕೀವನ್ನು ಹೀರಿ ತೆಗೆಯುವ ಕ್ರಮದಿಂದ ಸಾವುಗಳು ಬಹಳವಾಗಿ ಇಳಿದವು. 1929ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹೆರಾಲ್ಡ್ ಬ್ರುನ್ ಇದೇ ಉಪಾಯವನ್ನು ಹಾಲೆ ತೆಗೆಯುವ ಶಸ್ತ್ರಚಿಕಿತ್ಸೆಗೆ ಅಳವಡಿಸಿದರು. ಚಿಕಿತ್ಸೆ ಮುಗಿದ ಬಳಿಕ ಎದೆಯಲ್ಲಿ ಒಂದು ಕೊಳವೆಯನ್ನಿಟ್ಟು ದ್ರವವನ್ನೂ ಗಾಳಿಯನ್ನೂ ಹೀರಿ ತೆಗೆಯುವ ಕ್ರಮವದು. ಅವರ ಆರು ರೋಗಿಗಳಲ್ಲಿ ಐವರು ಬದುಕಿದರು. ಡೇವಿಸರ ರೋಗಿಗೆ ದೊರೆಯದೆ ಹೋದ ಆ ಕೊಳವೆಯು ಹದಿನೇಳು ವರ್ಷ ತಡವಾಗಿ ಬಂದಿತ್ತು.

ಮೂವರು ಬಾಲಕಿಯರು, ಒಬ್ಬ ವೈದ್ಯ

ಇಡೀ ಶ್ವಾಸಕೋಶವನ್ನು ತೆಗೆಸಿಕೊಂಡು ಬದುಕಿದ ಮೊದಮೊದಲ ರೋಗಿಗಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿದ್ದರೆಂಬುದು ನಮಗೆ ತಿಳಿದಿರಲಿಲ್ಲ. 1931ರಲ್ಲಿ ಬರ್ಲಿನ್ನಿನಲ್ಲಿ ರುಡಾಲ್ಫ್ ನಿಸ್ಸೆನ್ ಹನ್ನೆರಡು ವರ್ಷದ ಬಾಲಕಿಯೊಬ್ಬಳಿಗೆ ಚಿಕಿತ್ಸೆ ಮಾಡಿದರು. ಬಹುಕಾಲದ ಕೀವಿನಿಂದ ಅವಳ ಎಡ ಶ್ವಾಸಕೋಶ ಹಾಳಾಗಿತ್ತು. ಚಿಕಿತ್ಸೆಯ ನಡುವೆ ಅವಳ ಹೃದಯ ನಿಂತಿತು. ಅದು ಮತ್ತೆ ಮಿಡಿಯತೊಡಗಿದಾಗ ನಿಸ್ಸೆನ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು. ಎರಡು ವಾರ ಕಾದು ಎರಡನೆಯ ಬಾರಿ ಎದೆ ತೆರೆದು, ಶ್ವಾಸಕೋಶದ ಬುಡವನ್ನು ರಬ್ಬರ್ ಕಟ್ಟಿನಿಂದ ಬಿಗಿದು ಬಿಟ್ಟರು. ರಕ್ತವಿಲ್ಲದೆ ಸತ್ತ ಶ್ವಾಸಕೋಶ ಕೆಲವು ದಿನಗಳ ಬಳಿಕ ಒಣಗಿದ ಎಲೆಯಂತೆ ಕಳಚಿ ಬಂದಿತು. ಬಾಲಕಿ ಗುಣವಾದಳು. ಯಹೂದಿಯಾಗಿದ್ದ ನಿಸ್ಸೆನ್ನರಿಗೆ ಮಾತ್ರ ಎರಡೇ ವರ್ಷಗಳಲ್ಲಿ ತಮ್ಮ ದೇಶವನ್ನು ತೊರೆದು ಇಸ್ತಾಂಬುಲ್ಲಿಗೆ ಹೋಗಬೇಕಾಯಿತು.

1932ರ ನವೆಂಬರಿನಲ್ಲಿ ಅಮೆರಿಕದ ಮಿಚಿಗನ್ನಿನಲ್ಲಿ ಕ್ಯಾಮರಾನ್ ಹೈಟ್ ಹದಿಮೂರು ವರ್ಷದ ಬಾಲಕಿಯ ಎಡ ಶ್ವಾಸಕೋಶವನ್ನು ಹೀಗೆಯೇ ಎರಡು ಹಂತಗಳಲ್ಲಿ ತೆಗೆದರು. ಅವಳೂ ಬದುಕಿದಳು.

ಮುಂದಿನ ಹೆಜ್ಜೆಯಿಟ್ಟವರು ಸೈನಿಕರ ಎದೆಯ ಕೀವನ್ನು ಅಧ್ಯಯನ ಮಾಡಿದ್ದ ಅದೇ ಗ್ರಹಾಂ. 1933ರ ಏಪ್ರಿಲ್ 5ರಂದು ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆಯಲ್ಲಿ ಅವರ ಮುಂದಿದ್ದ ರೋಗಿ ಜೇಮ್ಸ್ ಗಿಲ್‌ಮೋರ್ ಸ್ವತಃ ವೈದ್ಯ, ನಲವತ್ತೆಂಟರ ಪ್ರಾಯದವರು. ಅವರಿಗೆ ಎಡ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಒಂದು ಹಾಲೆಯನ್ನಷ್ಟೇ ತೆಗೆಯುವ ಉದ್ದೇಶದಿಂದ ಎದೆ ತೆರೆದು ನೋಡಿದರೆ ರೋಗವು ಇನ್ನೊಂದಕ್ಕೂ ಚಾಚಿತ್ತು. ಗ್ರಹಾಂ ಮೊದಲು ಬುಡದ ನಾಳವನ್ನು ಸ್ವಲ್ಪ ಹೊತ್ತು ಬಿಗಿಹಿಡಿದು, ಒಂದೇ ಶ್ವಾಸಕೋಶದಲ್ಲಿ ರೋಗಿಯ ನಾಡಿ, ಉಸಿರು ನಿಲ್ಲುತ್ತವೆಯೇ ನಡೆಯುತ್ತವೆಯೇ ಎಂದು ಪರೀಕ್ಷಿಸಿದರು. ನಡೆಯುತ್ತವೆಂದು ಕಂಡ ಬಳಿಕವೇ ಇಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದರು. ಬರಿದಾದ ಜಾಗ ತುಂಬುವಂತೆ ಎದೆಯ ಗೋಡೆಯನ್ನು ಒಳಗೆ ಬಾಗಿಸಲು ಏಳು ಪಕ್ಕೆಲುಬುಗಳನ್ನೂ ತೆಗೆದರು. ಗಿಲ್‌ಮೋರ್ ಎರಡೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಮರಳಿದರು, ವೃತ್ತಿಗೂ ಮರಳಿದರು. ಆ ಬಳಿಕ ಮೂವತ್ತು ವರ್ಷ ಬದುಕಿದರು.

ಅದೇ ವರ್ಷದ ಜುಲೈನಲ್ಲಿ ಬಾಲ್ಟಿಮೋರಿನ ವಿಲಿಯಂ ರೀನ್‌ಹಾಫ್ ಮೂರು ವರ್ಷದ ಹೆಣ್ಣುಮಗುವಿಗೆ ಚಿಕಿತ್ಸೆ ಮಾಡುತ್ತ, ಡೇವಿಸರು 1912ರಲ್ಲಿ ತೋರಿದ್ದ ದಾರಿಗೆ ಮರಳಿದರು. ಬುಡವನ್ನು ಒಟ್ಟಾಗಿ ಬಿಗಿಯದೆ ಪ್ರತಿಯೊಂದು ನಾಳವನ್ನೂ ಬೇರೆ ಬೇರೆಯಾಗಿ ಕಟ್ಟಿದರು. ಅಂದಿನಿಂದ ಅದೇ ಕ್ರಮ ನೆಲೆನಿಂತಿತು. ಇಪ್ಪತ್ತೊಂದು ವರ್ಷಗಳ ಹಿಂದೆ ‘ಸೋತ’ ವಿಧಾನವು ಸೋತಿರಲಿಲ್ಲ, ಉಳಿದ ತಿಳಿವು ಬಂದು ಸೇರಲೆಂದು ಕಾಯುತ್ತಿತ್ತು.

ಔಷಧ ಬಂದಾಗ

ನಮ್ಮ ವಿದ್ಯಾರ್ಥಿನಿಯ ಮುತ್ತಾತನ ಕಾಯಿಲೆ ಕ್ಷಯ. ನಮ್ಮ ಸೀಮೆಯ ಹಳಬರಿಗೆ ಆ ಹೆಸರು ಕೇಳಿದರೆ ಮದನಪಲ್ಲಿಯ ಬಳಿಯ ಆರೋಗ್ಯವರಂ ನೆನಪಾಗುತ್ತದೆ. ಔಷಧವಿಲ್ಲದ ಕಾಲದಲ್ಲಿ ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ ಇವೇ ಮದ್ದು. ಅದರ ಮೇಲೆ, ಎದೆಗೆ ಗಾಳಿ ಸೇರಿಸಿಯೋ ಪಕ್ಕೆಲುಬು ತೆಗೆದೋ ರೋಗಗ್ರಸ್ತ ಶ್ವಾಸಕೋಶವನ್ನು ಕುಗ್ಗಿಸಿ ‘ಮಲಗಿಸುವ’ ಚಿಕಿತ್ಸೆಗಳಿದ್ದವು. ಕ್ಷಯದ ಶ್ವಾಸಕೋಶವನ್ನು ಕತ್ತರಿಸಿ ತೆಗೆಯಲು ವೈದ್ಯರು ಅಂಜುತ್ತಿದ್ದರು. ಕತ್ತರಿಸಿದಲ್ಲಿಂದ ರೋಗ ಮತ್ತಷ್ಟು ಹರಡುತ್ತಿತ್ತು.

1943ರಲ್ಲಿ ಆಲ್ಬರ್ಟ್ ಶಾಟ್ಸ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ಆ ಭಯ ತಗ್ಗಿತು. ಔಷಧದ ರಕ್ಷಣೆಯಲ್ಲಿ ರೋಗದ ಭಾಗವನ್ನು ತೆಗೆಯುವುದು ಸಾಧ್ಯವಾಯಿತು. ಅದೇ 1940ರ ದಶಕದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ರೀವ್ ಬೆಟ್ಸ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಎದೆಯ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಕಟ್ಟಿದರು. ಬರ್ಲಿನ್, ಸೇಂಟ್ ಲೂಯಿಸ್‌ಗಳ ವಿದ್ಯೆ ಇಪ್ಪತ್ತು ವರ್ಷಗಳೊಳಗೆ ನಮ್ಮಿಂದ ಒಂದು ರಾತ್ರಿಯ ಪಯಣದಷ್ಟು ಹತ್ತಿರಕ್ಕೆ ಬಂದುದು ಹೀಗೆ. 1953ರಲ್ಲಿ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿ, ನಮ್ಮ ಹಿರಿಯರು ಗಡಿಯ ಚಿಂತೆಯಲ್ಲಿದ್ದ ಆ ದಿನಗಳಲ್ಲಿಯೇ ಈ ಊರಿನ ರೈತನೊಬ್ಬ ಒಂದು ಶ್ವಾಸಕೋಶದೊಡನೆ ವೆಲ್ಲೂರಿನಿಂದ ಮರಳಿ ಬಂದು ನೇಗಿಲು ಹಿಡಿದಿದ್ದ.

ಆದರೆ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತಗೊಳಿಸಿದ ಔಷಧಗಳೇ ಬೇಗನೆ ಅದನ್ನು ಬಹುಮಟ್ಟಿಗೆ ಅನಾವಶ್ಯಕಗೊಳಿಸಿದವು. 1952ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಬಂದಿತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯರೋಗ ಸಂಶೋಧನಾ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ, ಒಂದೇ ಔಷಧವನ್ನು ಒಂದು ವರ್ಷ ಕೊಟ್ಟು ಹೋಲಿಸಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಅಚ್ಚರಿಗೊಳಿಸಿತು. ಔಷಧವನ್ನು ಕ್ರಮವಾಗಿ ತೆಗೆದುಕೊಂಡರೆ ಮನೆಯಲ್ಲಿದ್ದವರೂ ಬಹುಮಟ್ಟಿಗೆ ಹಾಗೆಯೇ ಗುಣವಾಗುತ್ತಿದ್ದರು. ಅಷ್ಟೇ ಅಲ್ಲ, ಅವರ ಜೊತೆಗಿದ್ದ ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ.

ಕತ್ತಿಯನ್ನು ಕೆಳಗಿಡುವ ವಿವೇಕ

ಕ್ಷಯ ಹಿಂದೆ ಸರಿಯುತ್ತಿದ್ದಾಗ ಶ್ವಾಸಕೋಶದ ಕ್ಯಾನ್ಸರ್ ಮುಂದೆ ಬರುತ್ತಿತ್ತು. 1919ರಲ್ಲಿ ಸೇಂಟ್ ಲೂಯಿಸ್‌ನ ವೈದ್ಯವಿದ್ಯಾರ್ಥಿ ಆಲ್ಟನ್ ಆಕ್ಸ್‌ನರ್ ಮತ್ತು ಸಹಪಾಠಿಗಳನ್ನು ಪ್ರಾಧ್ಯಾಪಕ ಜಾರ್ಜ್ ಡಾಕ್ ಒಂದು ಶವಪರೀಕ್ಷೆಗೆ ಕರೆದರು. ಅದು ಶ್ವಾಸಕೋಶದ ಕ್ಯಾನ್ಸರಿನ ಪ್ರಕರಣ. ಅಂಥದನ್ನು ಅವರು ಜೀವಮಾನದಲ್ಲಿ ಮತ್ತೆ ಕಾಣಲಾರರೆಂಬುದು ಆ ಗುರುಗಳ ಎಣಿಕೆ. ಆಕ್ಸ್‌ನರ್ ಮುಂದಿನ ಪ್ರಕರಣವನ್ನು ಕಂಡದ್ದು 1936ರಲ್ಲಿ. ಆಗ ಆರು ತಿಂಗಳಲ್ಲಿ ಒಂಬತ್ತು ಮಂದಿ ಬಂದರು, ಎಲ್ಲರೂ ಸಿಗರೇಟು ಸೇದುವವರು. ತಂಬಾಕಿನ ಮೇಲೆ ಆಕ್ಸ್‌ನರ್ ಸಂಶಯಪಟ್ಟರು. ಗ್ರಹಾಂ ಮೊದಲು ಅದನ್ನು ನಂಬಲಿಲ್ಲ. ಅವರೂ ಸಿಗರೇಟು ಸೇದುತ್ತಿದ್ದರು. ಆದರೂ ಅರ್ನ್‌ಸ್ಟ್ ವೈಂಡರ್ ಎಂಬ ವಿದ್ಯಾರ್ಥಿ ಈ ವಿಷಯವನ್ನು ಪರಿಶೀಲಿಸಲು ಅನುಮತಿ ಕೇಳಿದಾಗ ಬೇಡವೆನ್ನಲಿಲ್ಲ. 684 ರೋಗಿಗಳ ವಿವರಗಳೊಡನೆ 1950ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಲೇಖನವು ಸಿಗರೇಟಿನ ಮೇಲಿನ ಆರೋಪಕ್ಕೆ ಗಟ್ಟಿಯಾದ ಆಧಾರ ಒದಗಿಸಿತು. ಅದೇ ವರ್ಷ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅದನ್ನೇ ಕಂಡುಕೊಂಡರು.

ಗ್ರಹಾಂ ಸಿಗರೇಟನ್ನು ಬಿಟ್ಟರು, ಆದರೆ ಹೊತ್ತು ಮೀರಿತ್ತು. 1957ರಲ್ಲಿ ಅವರು ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ಉಳಿಸಿದ ಗಿಲ್‌ಮೋರ್ ಆಗ ಇನ್ನೂ ಬದುಕಿದ್ದರು. ಶಸ್ತ್ರಚಿಕಿತ್ಸೆಗೆ ಅರಮನೆಯೂ ಹೊರತಾಗಲಿಲ್ಲ. ಧೂಮಪಾನದ ಅಭ್ಯಾಸವಿದ್ದ ದೊರೆ ಆರನೆಯ ಜಾರ್ಜರ ಎಡ ಶ್ವಾಸಕೋಶವನ್ನು 1951ರ ಸೆಪ್ಟೆಂಬರ್ 23ರಂದು ಬಕಿಂಗ್‌ಹ್ಯಾಂ ಅರಮನೆಯಲ್ಲಿಯೇ ಕ್ಲೆಮೆಂಟ್ ಪ್ರೈಸ್ ಥಾಮಸ್ ತೆಗೆದರು. ಮರುವರ್ಷದ ಫೆಬ್ರವರಿಯಲ್ಲಿ ದೊರೆ ನಿಧನರಾದರು.

ಅಂದಿನಿಂದ ಇಂದಿನವರೆಗಿನ ಇತಿಹಾಸವು ಕಡಿಮೆ ಕತ್ತರಿಸಲು ಕಲಿತ ಇತಿಹಾಸ. ಇಡೀ ಶ್ವಾಸಕೋಶದ ಬದಲು ಒಂದು ಹಾಲೆಯನ್ನು ತೆಗೆಯುವುದು ರೂಢಿಯಾಯಿತು. ಎರಡು ಕವಲಿನ ಕೊಳವೆಯೊಂದನ್ನು 1949ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್ ಪ್ರಕಟಿಸಿದ ಮೇಲೆ ಒಂದು ಶ್ವಾಸಕೋಶವನ್ನು ಉಸಿರಾಡಿಸುತ್ತ ಇನ್ನೊಂದನ್ನು ಸುಮ್ಮನಿರಿಸುವುದು ಸುಲಭವಾಯಿತು. 1990ರ ದಶಕದಲ್ಲಿ ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಪುಟ್ಟ ಕ್ಯಾಮೆರಾ ತೂರಿಸಿ ಹಾಲೆಯನ್ನು ತೆಗೆಯತೊಡಗಿದರು. ಎರಡು ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಡ್ಡೆಗಳಿಗೆ ಹಾಲೆಯನ್ನೂ ಉಳಿಸಿ, ಅದರ ಒಂದು ಖಂಡವನ್ನಷ್ಟೇ ತೆಗೆದರೆ ಸಾಕೆಂದು 2022ರಲ್ಲಿ ಜಪಾನಿನ ವೈದ್ಯರ ದೊಡ್ಡ ಅಧ್ಯಯನವೊಂದು ತೋರಿಸಿತು. ಇಡೀ ಶ್ವಾಸಕೋಶವನ್ನು ತೆಗೆಯುವುದು ಈಗ ಬೇರೆ ದಾರಿಯಿಲ್ಲದಾಗ ಮಾತ್ರ.

ವಿದ್ಯಾರ್ಥಿನಿಗೆ ನಾವು ಕೊಟ್ಟ ಉತ್ತರ

ಮೊದಲು ತೆಗೆದವರಿಗೆ ರೋಗಿ ಬದುಕುತ್ತಾನೆಂಬುದು ಖಚಿತವಾಗಿ ಗೊತ್ತಿರಲಿಲ್ಲ ಎಂಬುದೇ ನಾವು ಆ ವಿದ್ಯಾರ್ಥಿನಿಗೆ ಕೊಟ್ಟ ಉತ್ತರ. ತಮ್ಮ ಕೈಯಲ್ಲಿ ರೋಗಿ ಏಕೆ ಸತ್ತನೆಂಬುದನ್ನು ಮುಚ್ಚಿಡದೆ ಬರೆದಿಟ್ಟವರಿಂದ ಮುಂದಿನವರಿಗೆ ಅದು ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಡೇವಿಸರ ಎಂಟು ದಿನಗಳ ದಾಖಲೆಯಿಲ್ಲದಿದ್ದರೆ ಆ ಸಾವಿನಿಂದ ಯಾರೂ ಏನನ್ನೂ ಕಲಿಯುತ್ತಿರಲಿಲ್ಲ.

ಹಾಗಾದರೆ ನಮ್ಮ ತಪ್ಪನ್ನೂ ಇಲ್ಲಿ ದಾಖಲಿಸಬೇಕು. ನಾವು ಈ ವೃತ್ತಿಗೆ ಬಂದ ಹೊಸದರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಕ್ಷಯವಿದ್ದ ತಾಯಿಯ ಮಗನೊಬ್ಬನನ್ನು ಕೊನೆಯ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಲಾಗಿತ್ತು. ಅವನ ತಾಯಿ ಔಷಧ ತೆಗೆದುಕೊಳ್ಳುತ್ತಿದ್ದರು, ಅವನಿಗೆ ಕೆಮ್ಮೂ ಇರಲಿಲ್ಲ. ಮದರಾಸಿನ ಫಲಿತಾಂಶ ಪ್ರಕಟವಾಗಿ ಆಗಲೇ ಮೂರು ದಶಕ ಮೀರಿತ್ತು. ನಮಗೆ ಅದು ತಿಳಿದಿರಲಿಲ್ಲ, ಕೇಳಿ ತಿಳಿಯಲೂ ಇಲ್ಲ, ಹಿರಿಯರ ಎದುರು ಮಾತನಾಡದೆ ಸುಮ್ಮನಿದ್ದೆವು. ಅರ್ಧ ವರ್ಷದಲ್ಲಿ ಆ ಹುಡುಗ ಶಾಲೆ ಬಿಟ್ಟ. ಮುಂದೆ ಅವನೇನಾದನೆಂದು ವಿಚಾರಿಸಲೂ ಇಲ್ಲ.

ಜಗತ್ತಿನಲ್ಲಿ ಎಲ್ಲೋ ಕಂಡುಕೊಂಡ ತಿಳಿವು ಒಂದು ತರಗತಿಯ ಕೊನೆಯ ಬೆಂಚಿನವರೆಗೆ ತಲುಪದಿದ್ದರೆ ಆ ಮಗುವಿನ ಪಾಲಿಗೆ ಅದು ಇಲ್ಲದಂತೆಯೇ. ಅದನ್ನು ಆ ಮಗುವಿನ ಭಾಷೆಯಲ್ಲಿ ಅಲ್ಲಿಯವರೆಗೆ ತಲುಪಿಸುವುದಕ್ಕಾಗಿಯೇ ಗಡಿಯ ಈಚೆಗೂ ಒಂದು ಕನ್ನಡ ಶಾಲೆ ನೂರು ವರ್ಷ ನಡೆದು ಬಂದಿದೆ ಎಂದು ನಾವು ನಂಬಿದ್ದೇವೆ. ಆದ್ದರಿಂದ ಪೋಷಕರಲ್ಲಿ ಎರಡೇ ಮಾತು ಅರಿಕೆ ಮಾಡುತ್ತೇವೆ. ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡಬೇಡಿ. ಕ್ಷಯದ ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಬೀಡಿ, ಸಿಗರೇಟುಗಳನ್ನು ಮಕ್ಕಳಿಂದ ತರಿಸಬೇಡಿ, ಸಾಧ್ಯವಾದರೆ ನೀವೂ ಬಿಡಿ.

ಈ ವರ್ಷ ನಮ್ಮ ಶಾಲೆಯಲ್ಲಿಯೂ ತಂದೆಗೆ ಕ್ಷಯವೆಂದು ತಿಳಿದುಬಂದ ಮಗುವೊಂದಿದೆ. ತಂದೆ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಮಗುವಿನ ತಪಾಸಣೆಯೂ ಆಗಿದೆ. ಆ ಮಗು ಎಂದಿನಂತೆ ಗೆಳೆಯರ ನಡುವೆಯೇ ಕುಳಿತು ಓದುತ್ತಿದೆ.